ದಾವಣಗೆರೆಗೊಂದು ಖಾಸಗಿ ಎಫ್‌ಎಂ: 288 ನಿಮಿಷ ತುಂಬಿಸುವ ಲೆಕ್ಕ

2024ರ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟ ಖಾಸಗಿ ಎಫ್‌ಎಂ ಮೂರನೇ ಹಂತದ ಇನ್ನೊಂದು ಕಂತಿನ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ರೇಡಿಯೊ ಇನ್ನೂ ಕಾಲಿಡದ 234 ಊರುಗಳು, 730 ವಾಹಿನಿಗಳು, ಒಟ್ಟು ಮೀಸಲು ಬೆಲೆ 784.87 ಕೋಟಿ ರೂಪಾಯಿ. ಕರ್ನಾಟಕದ ಪಾಲು 16 ಊರು, 53 ವಾಹಿನಿ. ಅದರಲ್ಲಿ ದಾವಣಗೆರೆಗೆ ನಾಲ್ಕು, ಚಿತ್ರದುರ್ಗಕ್ಕೆ ಮೂರು.

ಯಾರು ಎಷ್ಟಕ್ಕೆ ಕೂಗುತ್ತಾರೆ ಎಂಬುದು ಇಲ್ಲಿನ ವಿಷಯವಲ್ಲ. ವಾಹಿನಿ ಕೈಗೆ ಬಂದ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಏನು ಹೇಳಲೇಬೇಕು, ಏನು ಹೇಳುವಂತಿಲ್ಲ, ಹೇಳಿದ್ದನ್ನು ಯಾವ ಕಾಗದದಿಂದ ತೋರಿಸಬೇಕು ಎಂಬುದನ್ನು ನೋಡೋಣ. ಅದಕ್ಕಾಗಿ ದಾವಣಗೆರೆಯ ನಾಲ್ಕರಲ್ಲಿ ಒಂದು ವಾಹಿನಿಯನ್ನು ಕಾಗದದ ಮೇಲೆ ಕಟ್ಟಿದ್ದೇವೆ. ಊರಿನವರದೇ ಕಂಪನಿ, ಬೇರೆಲ್ಲೂ ವಾಹಿನಿ ಇಲ್ಲ, ದಿನಕ್ಕೆ 24 ಗಂಟೆ ಪ್ರಸಾರ. ಅದರ ಪಕ್ಕದಲ್ಲಿ ಹೋಲಿಕೆಗೆಂದು ಇನ್ನೊಂದನ್ನು ಇಟ್ಟಿದ್ದೇವೆ: ಬೆಂಗಳೂರಿನಲ್ಲಿ ಸ್ಟುಡಿಯೊ ಇರುವ ದೊಡ್ಡ ನೆಟ್‌ವರ್ಕ್‌ನ ವಾಹಿನಿ. ಎರಡಕ್ಕೂ ನಿಯಮ ಒಂದೇ, ಆದರೆ ಹೊರೆ ಒಂದೇ ಅಲ್ಲ.

ಅನುಮತಿ ಸಿಗುವುದು ಊರಿಗೆ, ಜಿಲ್ಲೆಗಲ್ಲ

ಜನಸಂಖ್ಯೆ 3 ಲಕ್ಷದಿಂದ 10 ಲಕ್ಷದೊಳಗಿನ ಊರು ‘ಸಿ’ ವರ್ಗ, 1 ಲಕ್ಷದಿಂದ 3 ಲಕ್ಷದೊಳಗಿನದು ‘ಡಿ’ ವರ್ಗ. 2011ರ ಗಣತಿಯಲ್ಲಿ 4.35 ಲಕ್ಷ ಜನರಿದ್ದ ದಾವಣಗೆರೆ ‘ಸಿ’ಯಲ್ಲಿ, ಚಿತ್ರದುರ್ಗ ‘ಡಿ’ಯಲ್ಲಿ ಬರುತ್ತವೆ. ಪ್ರಸಾರದ ಬಲವೂ ವರ್ಗದ ಮೇಲೆಯೇ ನಿಂತಿದೆ: ‘ಸಿ’ಗೆ 3ರಿಂದ 10 ಕಿಲೋವ್ಯಾಟ್, ‘ಡಿ’ಗೆ 1ರಿಂದ 3 ಕಿಲೋವ್ಯಾಟ್. ಇದು ಟ್ರಾನ್ಸ್‌ಮಿಟರ್ ಪೆಟ್ಟಿಗೆಯ ಮೇಲೆ ಬರೆದಿರುವ ಅಂಕಿಯಲ್ಲ, ಆಂಟೆನಾದಿಂದ ಹೊರಬೀಳುವ ಪರಿಣಾಮಕಾರಿ ಬಲ. 2 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ಇದ್ದು, ಆಂಟೆನಾ ಅದನ್ನು ಮೂರು ಪಟ್ಟು ಮಾಡಿ, ಕೇಬಲ್ ಮತ್ತು ಕಂಬೈನರ್ (ಹಲವು ವಾಹಿನಿಗಳನ್ನು ಒಂದೇ ಆಂಟೆನಾಕ್ಕೆ ಸೇರಿಸುವ ಸಾಧನ) ಐದರಲ್ಲೊಂದು ಪಾಲು ನುಂಗಿದರೆ ಉಳಿಯುವುದು 4.8 ಕಿಲೋವ್ಯಾಟ್. ಪೆಟ್ಟಿಗೆ ಕೊಳ್ಳುವಾಗ ಈ ಗುಣಾಕಾರ ಮರೆತವರು ಬೇಡದ ಬಲಕ್ಕೆ ದುಡ್ಡು ಸುರಿಯುತ್ತಾರೆ, ಮೇಲೆ ತಿಂಗಳು ತಿಂಗಳು ಕರೆಂಟ್ ಬಿಲ್ಲನ್ನೂ ಕಟ್ಟುತ್ತಾರೆ.

ಎಫ್‌ಎಂ ಅಲೆ ಕಣ್ಣಳತೆಯ ದಾರಿ ಹಿಡಿಯುತ್ತದೆ. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಸಮತಟ್ಟು ನೆಲದಲ್ಲಿ ರೇಡಿಯೊ ದಿಗಂತ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. 75 ಮೀಟರ್ ಗೋಪುರಕ್ಕೆ ಸುಮಾರು 36 ಕಿ.ಮೀ. ದಾವಣಗೆರೆ ಬಯಲು ಸೀಮೆ, ಅಡ್ಡ ಬರುವ ಗುಡ್ಡ ಕಡಿಮೆ. 14 ಕಿ.ಮೀ. ದೂರದ ಹರಿಹರ ಚೆನ್ನಾಗಿ ಸಿಗುತ್ತದೆ. ಜಗಳೂರು, ಚನ್ನಗಿರಿ ಈ ದಿಗಂತದ ಆಚೆ. ಅಲ್ಲಿ ಮನೆಯ ಮೇಲಿನ ಆಂಟೆನಾಕ್ಕೆ ಒಂದಿಷ್ಟು ಸಿಕ್ಕೀತು, ಮೊಬೈಲ್‌ಗೆ ಬರುವುದು ಗೊರಗೊರ ಮಾತ್ರ.

ಸ್ಥಳೀಯ ಎಂಬ ಮಾತಿಗೆ ಮೊದಲ ತೊಡಕು ಬರುವುದು ಇಲ್ಲಿಯೇ. ಜಿಲ್ಲಾಡಳಿತದ ಸೂಚನೆ ಇಡೀ ಜಿಲ್ಲೆಗೆ, ಭದ್ರಾ ನಾಲೆಯ ನೀರಿನ ವಿಷಯ ನಾಲ್ಕಾರು ತಾಲ್ಲೂಕಿಗೆ, ಅಡಿಕೆಯ ವಿಷಯ ಚನ್ನಗಿರಿಗೆ. ರೇಡಿಯೊ ಕೇಳಿಸುವುದು ಮಾತ್ರ ದಾವಣಗೆರೆ, ಹರಿಹರ ಮತ್ತು ಸುತ್ತಲ ಹಳ್ಳಿಗಳಿಗೆ. ಕಾರ್ಯಕ್ರಮ ಹೊಂದಿಸುವವರು ಜಿಲ್ಲೆಯ ನಕ್ಷೆ ಇಟ್ಟುಕೊಳ್ಳದೆ, ಗೋಪುರ ನಡುವೆ ಇಟ್ಟು 36 ಕಿ.ಮೀ. ತ್ರಿಜ್ಯದ ಕೈವಾರ ಎಳೆದ ನಕ್ಷೆಯನ್ನು ಗೋಡೆಗೆ ಹಚ್ಚಿಕೊಳ್ಳಬೇಕು.

ಒಡೆತನದ ಮಿತಿಯನ್ನೂ ಇಲ್ಲೇ ಹೇಳಿಬಿಡೋಣ. ಒಂದು ಊರಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸಂಸ್ಥೆಗಳು ಇರಬೇಕೆಂಬ ಷರತ್ತಿದೆ. ಚಿತ್ರದುರ್ಗದ ಮೂರು ವಾಹಿನಿ ಮೂವರಿಗೆ ಹೋಗಲೇಬೇಕು. ದಾವಣಗೆರೆಯಲ್ಲಿ ಯಾರೇ ಆದರೂ ಎರಡನ್ನು ಮೀರುವಂತಿಲ್ಲ. 2022ರ ತಿದ್ದುಪಡಿಯಲ್ಲಿ ‘ಸಿ’, ‘ಡಿ’ ಊರುಗಳಿಗೆ ಬಿಡ್ ಮಾಡುವ ಕಂಪನಿಯ ನಿವ್ವಳ ಮೌಲ್ಯ ಒಂದೂವರೆ ಕೋಟಿಯಿಂದ ಒಂದು ಕೋಟಿಗೆ ಇಳಿಯಿತು. ಮಂಡಿಪೇಟೆಯ ನಾಲ್ಕು ವರ್ತಕರು ಕೂಡಿದರೆ ಎಟುಕುವ ಮೊತ್ತ. ಅದೇ ತಿದ್ದುಪಡಿ ಒಂದು ಸಂಸ್ಥೆ ದೇಶದ ಒಟ್ಟು ವಾಹಿನಿಗಳಲ್ಲಿ ಶೇ 15ಕ್ಕಿಂತ ಹೆಚ್ಚು ಹೊಂದಬಾರದೆಂಬ ಮಿತಿಯನ್ನೂ ತೆಗೆದುಹಾಕಿತು. ಚಿಕ್ಕವರಿಗೆ ಕಿಟಕಿ ತೆರೆದ ಕಾಗದದಲ್ಲೇ ದೊಡ್ಡವರಿಗೆ ಹೆಬ್ಬಾಗಿಲೂ ತೆರೆಯಿತು.

ಶೇ 20 ಎಂದರೆ ಎಷ್ಟು?

ಮೂರನೇ ಹಂತದ ನೀತಿ ಹೇಳುವುದು ಇಷ್ಟು: ದಿನದ ಒಟ್ಟು ಪ್ರಸಾರದಲ್ಲಿ ಕನಿಷ್ಠ ಶೇ 20 ಆ ಊರಿನ ಭಾಷೆಯಲ್ಲಿರಬೇಕು, ಸ್ಥಳೀಯ ವಿಷಯಕ್ಕೆ ಉತ್ತೇಜನ ಕೊಡುವಂತಿರಬೇಕು. 24 ಗಂಟೆಗೆ 1,440 ನಿಮಿಷ, ಅದರಲ್ಲಿ ಶೇ 20 ಎಂದರೆ 288 ನಿಮಿಷ, ಅಂದರೆ 4 ಗಂಟೆ 48 ನಿಮಿಷ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಪ್ರಸಾರ ನಿಲ್ಲಿಸಿದರೆ 18 ಗಂಟೆಗೆ 216 ನಿಮಿಷ ಸಾಕು.

ಈ ಸಾಲು ಹೇಳದೆ ಬಿಟ್ಟ ಮಾತು ಮೂರು. ಆ ನಿಮಿಷಗಳು ಯಾವ ಹೊತ್ತಿನಲ್ಲಿ ಬರಬೇಕು? ಅದನ್ನು ಎಲ್ಲಿ ಕೂತು ತಯಾರಿಸಬೇಕು? ‘ಸ್ಥಳೀಯ’ ಎಂದರೆ ಊರೋ, ಜಿಲ್ಲೆಯೋ, ರಾಜ್ಯವೋ?

ನಮ್ಮ ಕಾಗದದ ವಾಹಿನಿಯ ಒಂದು ಗಂಟೆಯನ್ನು ಬಿಡಿಸಿ ನೋಡಿದರೆ ಈ ಮೌನದ ಬೆಲೆ ತಿಳಿಯುತ್ತದೆ. ಗಂಟೆಗೆ 12 ನಿಮಿಷ ಜಾಹೀರಾತು ಹೋಯಿತೆನ್ನಿ, ಉಳಿದದ್ದು 48 ನಿಮಿಷ. ನಾಲ್ಕು ನಿಮಿಷದ ಎಂಟು ಹಾಡಿಗೆ 32 ನಿಮಿಷ. ಕಾರ್ಯಕ್ರಮ ನಡೆಸಿಕೊಡುವ ಆರ್‌ಜೆಯ ಬಾಯಿಗೆ ಉಳಿಯುವುದು 16 ನಿಮಿಷ, ಅಂದರೆ ಹಾಡುಗಳ ನಡುವೆ ಆಡುವ ಎರಡೆರಡು ನಿಮಿಷದ ಮಾತು, ರೇಡಿಯೊದವರ ಬಾಯಲ್ಲಿ ‘ಲಿಂಕ್’, ಎಂಟು.

ಕನ್ನಡ ಹಾಡನ್ನೂ ಸ್ಥಳೀಯವೆಂದು ಎಣಿಸಿದರೆ ಗಂಟೆಗೆ 48 ನಿಮಿಷ ಸಿಗುತ್ತದೆ. ಆರು ಗಂಟೆಗೆ 288 ತುಂಬಿಯೇ ಬಿಡುತ್ತದೆ. ಹಾಡನ್ನು ಬಿಟ್ಟು ದಾವಣಗೆರೆಯ ಮಾತನ್ನಷ್ಟೇ ಎಣಿಸಿದರೆ ಗಂಟೆಗೆ 16 ನಿಮಿಷ. 288 ತುಂಬಲು 18 ಗಂಟೆ ಬೇಕು. ಒಂದೇ ಸಾಲಿನ ಎರಡು ಓದಿನ ನಡುವೆ 12 ಗಂಟೆಯ ಅಂತರ.

ನೆಟ್‌ವರ್ಕ್ ವಾಹಿನಿ ಮೊದಲ ಓದನ್ನೇ ಹಿಡಿಯುತ್ತದೆ, ಹಿಡಿದರೆ ತಪ್ಪೂ ಅಲ್ಲ. ಎರಡನೇ ಹಂತದಲ್ಲಿ ನೆಟ್‌ವರ್ಕ್ ಮಾಡಲು ‘ಸಿ’ ಮತ್ತು ‘ಡಿ’ ಊರುಗಳಿಗೆ ಮಾತ್ರ ಅವಕಾಶವಿತ್ತು, ಅದೂ ಒಂದೇ ವಲಯದೊಳಗೆ. ಮೂರನೇ ಹಂತದಲ್ಲಿ ದೇಶದ ಉದ್ದಗಲಕ್ಕೂ ತನ್ನದೇ ವಾಹಿನಿಗಳನ್ನು ಒಂದು ಮೂಲದಿಂದ ನಡೆಸಬಹುದು. ಬೆಂಗಳೂರಿನ ಆರ್‌ಜೆ ಮಧ್ಯಾಹ್ನ ಒಂದು ಗಂಟೆ ಕೂತು ಮರುದಿನದ ನಾಲ್ಕು ಗಂಟೆಗೆ ಸಾಲುವ ಲಿಂಕ್‌ಗಳನ್ನು ಧ್ವನಿಮುದ್ರಿಸಿ ಕೊಡುತ್ತಾರೆ. ಕಂಪ್ಯೂಟರ್ ಅವನ್ನು ಹಾಡುಗಳ ನಡುವೆ ಸಿಕ್ಕಿಸುತ್ತದೆ. ಭಾಷೆ ಕನ್ನಡ, ಹಾಡು ಕನ್ನಡ, ನಡುವೆ ನಾಲ್ಕು ಸಲ ‘ನಮ್ಮ ದಾವಣಗೆರೆ’, ಒಂದು ಸಲ ಬೆಣ್ಣೆದೋಸೆ. ಪ್ರಸಾರವಾದದ್ದನ್ನು ಬರೆದಿಡುವ ಲಾಗ್‌ನಲ್ಲಿ ಶೇ 20 ದಾಟಿರುತ್ತದೆ. ಬೆಳಿಗ್ಗೆ ಪಿ.ಬಿ. ರಸ್ತೆಯಲ್ಲಿ ಲಾರಿ ಮಗುಚಿ ವಾಹನ ನಿಂತಿದ್ದರೂ ಆ ದನಿ ‘ಸುಂದರ ಮುಂಜಾವು’ ಎನ್ನುತ್ತಿರುತ್ತದೆ. ನಿಯಮ ಅಳೆಯುತ್ತಿರುವುದು ಭಾಷೆಯನ್ನು. ಊರನ್ನು ಅಳೆಯುವ ಕೋಲು ಅದರಲ್ಲಿಲ್ಲ ಎಂಬುದು ನಮ್ಮ ಓದು.

ಊರಿನ ಕಂಪನಿ ಏನು ಮಾಡಬೇಕು? ಎರಡನೇ ಓದನ್ನು ಪೂರ್ತಿ ಪಾಲಿಸಲು 18 ಗಂಟೆ ನೇರ ಮಾತು ಬೇಕು. ಚಿಕ್ಕ ಸಿಬ್ಬಂದಿಯಿಂದ ಅದು ಆಗದ ಕೆಲಸ. ನಡುದಾರಿಯಾಗಿ ನಾವು ಹಾಕಿದ ವೇಳಾಪಟ್ಟಿ ಇದು: ಬೆಳಿಗ್ಗೆ 6ರಿಂದ 10, ಮಧ್ಯಾಹ್ನ 1ರಿಂದ 2, ಸಂಜೆ 5ರಿಂದ 7. ಒಟ್ಟು ಏಳು ಗಂಟೆ, ಹಾಡೂ ಸೇರಿ 336 ನಿಮಿಷ. ಆರು ಗಂಟೆಗೆ 288 ಸರಿಯಾಗಿ ಬರುವಾಗ ಏಳನೆಯದು ಯಾಕೆ? ಆರಕ್ಕೆ ನಿಲ್ಲಿಸಿದರೆ ಐದು ನಿಮಿಷ ಕರೆಂಟ್ ಹೋಗಿ ಜನರೇಟರ್ ಹಿಡಿಯುವಷ್ಟರಲ್ಲಿ ದಿನದ ಲೆಕ್ಕ ಕೆಡುತ್ತದೆ. ಹಬ್ಬದ ವಾರ ಜಾಹೀರಾತು ಗಂಟೆಗೆ 15 ನಿಮಿಷಕ್ಕೆ ಹೋದರೆ ಆರು ಗಂಟೆಯಲ್ಲಿ ಸಿಗುವುದು 270 ಮಾತ್ರ. ನಿಯಮ ಹೇಳುವುದು ದಿನದ ಲೆಕ್ಕ, ವಾರದ ಸರಾಸರಿಯಲ್ಲ. ದೀಪಾವಳಿಯ ದಿನ ಕಡಿಮೆಯಾದದ್ದನ್ನು ಮರುದಿನ ತುಂಬಿಕೊಡಲು ಬರುವುದಿಲ್ಲ.

ಏಳು ಗಂಟೆಗೆ 56 ಲಿಂಕ್. ದಿನಕ್ಕೆ 56 ಸಲ ದಾವಣಗೆರೆಯ ಬಗ್ಗೆ ಎರಡು ನಿಮಿಷ ಹೇಳುವ ಸಂಗತಿ ತರಬೇಕು. ಕೆಲಸದ ನಿಜವಾದ ತೂಕ ಇಲ್ಲಿದೆ. ಟ್ರಾನ್ಸ್‌ಮಿಟರ್, ಮೈಕು ಎಲ್ಲಾ ಆಮೇಲೆ. ಇಬ್ಬರು ಆರ್‌ಜೆ, ಒಬ್ಬ ಪ್ರೊಡ್ಯೂಸರ್, ಮಾಹಿತಿ ತರಲೆಂದೇ ಊರು ಸುತ್ತುವ ಒಬ್ಬರು, ಒಬ್ಬ ತಂತ್ರಜ್ಞ, ಜಾಹೀರಾತು ಹಿಡಿಯುವ ಇಬ್ಬರು, ಟ್ರಾಫಿಕ್ ನೋಡುವ ಒಬ್ಬರು ಎಂದು ಎಂಟು ಜನಕ್ಕಿಂತ ಕಡಿಮೆಯಲ್ಲಿ ಇದು ಸಾಗದು. ಟ್ರಾಫಿಕ್ ಎಂದರೆ ರೇಡಿಯೊದವರ ಬಾಯಲ್ಲಿ ರಸ್ತೆಯದ್ದಲ್ಲ, ಯಾವ ಜಾಹೀರಾತು ಯಾವ ನಿಮಿಷಕ್ಕೆ ಎಂದು ಜೋಡಿಸುವ ಮೇಜು. ಹೊಸಬರು ಈ ಮೇಜಿಗೆ ವಾಹನ ದಟ್ಟಣೆಯ ಫೋನ್ ಕರೆ ವರ್ಗಾಯಿಸುವುದು ಎಲ್ಲ ಕೇಂದ್ರಗಳಲ್ಲೂ ನಡೆಯುವ ತಮಾಷೆ.

ಸುದ್ದಿಯಲ್ಲದ ಸುದ್ದಿ

56 ಲಿಂಕ್ ತುಂಬಿಸುವಾಗ ಎದುರಾಗುವ ದೊಡ್ಡ ಗೋಡೆ ಸುದ್ದಿಯದು. ಖಾಸಗಿ ಎಫ್‌ಎಂ ತಾನಾಗಿ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಪ್ರಸಾರ ಭಾರತಿಯೊಡನೆ ಒಪ್ಪಂದ ಮಾಡಿಕೊಂಡು, ಒಂದಕ್ಷರ ಬದಲಿಸದೆ ಕೊಡಬಹುದು. ನಡುವೆ ಕತ್ತರಿಸುವಂತಿಲ್ಲ, ತಮ್ಮ ಆರ್‌ಜೆಯಿಂದ ಮತ್ತೆ ಓದಿಸುವಂತಿಲ್ಲ. ಹಾಗೆ ಮರುಪ್ರಸಾರ ಮಾಡಿದ ಕನ್ನಡ ವಾರ್ತೆ ಭಾಷೆಯ ಲೆಕ್ಕಕ್ಕೆ ಬಂದೀತು, ದಾವಣಗೆರೆಯ ಲೆಕ್ಕಕ್ಕೆ ಬಾರದು. ಅದನ್ನು 288ರ ಹೊರಗಿಡುವುದೇ ಕ್ಷೇಮ.

ಆದರೆ ನೀತಿಯೇ ಒಂದು ಪಟ್ಟಿ ಕೊಟ್ಟು, ಇವು ಸುದ್ದಿಯಲ್ಲ ಎನ್ನುತ್ತದೆ. ಕ್ರೀಡೆಯ ಮಾಹಿತಿ, ಸ್ಥಳೀಯ ಪಂದ್ಯಗಳ ನೇರ ವೀಕ್ಷಕ ವಿವರಣೆ. ಸಂಚಾರ ಮತ್ತು ಹವಾಮಾನ. ಸಾಂಸ್ಕೃತಿಕ ಕಾರ್ಯಕ್ರಮ, ಹಬ್ಬ. ಪರೀಕ್ಷೆ, ಫಲಿತಾಂಶ, ಪ್ರವೇಶ, ವೃತ್ತಿ ಮಾರ್ಗದರ್ಶನ. ಉದ್ಯೋಗಾವಕಾಶ. ಕೊನೆಯದಾಗಿ ವಿದ್ಯುತ್, ನೀರು, ಪ್ರಕೃತಿ ವಿಕೋಪ, ಆರೋಗ್ಯ ಎಚ್ಚರಿಕೆಯಂಥ ನಾಗರಿಕ ಸೌಲಭ್ಯಗಳ ಪ್ರಕಟಣೆ, ಆದರೆ ಸ್ಥಳೀಯ ಆಡಳಿತ ಕೊಟ್ಟದ್ದು ಮಾತ್ರ. ಬಹಳ ಜನ ಈ ಕೊನೆಯ ನಾಲ್ಕು ಪದವನ್ನು ಓದದೆ ಬಿಡುತ್ತಾರೆ.

ದಾವಣಗೆರೆಗೂ ಚಿತ್ರದುರ್ಗಕ್ಕೂ ಕರೆಂಟ್ ಕೊಡುವುದು ಬೆಸ್ಕಾಂ. ಅದರ ಪ್ರಕಟಣೆ ಬಂತೆನ್ನಿ. ಆರ್‌ಜೆ ಹೀಗೆ ಹೇಳಬಹುದು: “ಬೆಸ್ಕಾಂನವರು ತಿಳಿಸಿರೋ ಹಾಗೆ ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಿಟ್ಟುವಳ್ಳಿ ಸುತ್ತಮುತ್ತ ಕರೆಂಟ್ ಇರಲ್ಲ. ಟ್ಯಾಂಕ್ ತುಂಬಿಸ್ಕೊಳ್ಳೋರು ಇವತ್ತೇ ಮೋಟ್ರು ಹಾಕ್ಕೊಂಡ್ಬಿಡ್ರಿ.” ಅದೇ ಆರ್‌ಜೆ “ವಾರದಾಗೆ ಮೂರನೇ ಸಲ ತೆಗೀತಿದಾರೆ, ಕೇಳೋರೇ ಇಲ್ಲ ಕಣ್ರಿ” ಎಂದರೆ ಪ್ರಕಟಣೆ ಹೋಗಿ ಟೀಕೆಯಾಯಿತು, ಟೀಕೆ ಪ್ರಚಲಿತ ವಿದ್ಯಮಾನಕ್ಕೆ ಸೇರುತ್ತದೆ. ಕೇಳುಗರಿಗೆ ಹಿಡಿಸುವುದು ಎರಡನೆಯ ಮಾತೇ. ಅದಕ್ಕೇ ಲಿಂಕ್ ನೇರವಾಗಿದ್ದಾಗ ತಪ್ಪು ಹೆಚ್ಚು.

ನೀರಾವರಿ ಇನ್ನೂ ಸೂಕ್ಷ್ಮ. ಭದ್ರಾ ಬಲದಂಡೆ ನಾಲೆಗೆ ಯಾವ ದಿನದಿಂದ ನೀರು, ಎಷ್ಟು ದಿನ ಬಿಡುತ್ತಾರೆ, ಎಷ್ಟು ದಿನ ನಿಲ್ಲಿಸುತ್ತಾರೆ ಎಂಬ ಅಧಿಕೃತ ವೇಳಾಪಟ್ಟಿ ಓದಬಹುದು. ಕೊನೆಭಾಗದ ಗದ್ದೆಗಳಿಗೆ ನೀರು ತಲುಪಿಲ್ಲವೆಂದು ರೈತರು ರಸ್ತೆ ತಡೆದಿದ್ದಾರೆ ಎಂಬುದು ಸುದ್ದಿ. ಆದರೆ ರಸ್ತೆ ತಡೆದಿದ್ದರಿಂದ ಹದಡಿ ರಸ್ತೆಯ ವಾಹನಗಳು ಬೇರೆ ದಾರಿ ಹಿಡಿಯಬೇಕು ಎಂಬುದು ಸಂಚಾರ ಮಾಹಿತಿ. ಒಂದೇ ಘಟನೆ, ಒಂದು ವಾಕ್ಯ ಸರಿ, ಇನ್ನೊಂದು ತಪ್ಪು. ರಸ್ತೆ ಬಂದ್ ಎನ್ನಬಹುದು, ಯಾಕೆ ಬಂದ್ ಎನ್ನುವಂತಿಲ್ಲ ಎಂಬ ವಿಚಿತ್ರ ರೇಡಿಯೊ ಇದು.

ಇನ್ನು ಮಾರುಕಟ್ಟೆ ಧಾರಣೆ. ಮೆಕ್ಕೆಜೋಳದ ಈ ಊರಿನಲ್ಲಿ ಬೆಳಿಗ್ಗೆ ಆರೂವರೆಗೆ ಎಪಿಎಂಸಿ ದರ ಹೇಳುವುದಕ್ಕಿಂತ ಸ್ಥಳೀಯವಾದ ಎರಡು ನಿಮಿಷ ಇನ್ನೊಂದಿಲ್ಲ. ಆದರೆ ಮೇಲಿನ ಪಟ್ಟಿಯಲ್ಲಿ ಮಾರುಕಟ್ಟೆ ದರ ಎಂಬ ಮಾತು ಹೆಸರು ಹಿಡಿದು ಬಂದಿಲ್ಲ. ಬೇರೆ ವರ್ಗಗಳನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಕಾಲಕಾಲಕ್ಕೆ ಸೇರಿಸಬಹುದು ಎಂಬ ಬಾಗಿಲು ಮಾತ್ರ ಇದೆ. ನಮ್ಮ ಸಲಹೆ ಇಷ್ಟು: ದರಪಟ್ಟಿಯನ್ನು ಎಪಿಎಂಸಿಯಿಂದ ಸಹಿಯಿರುವ ಪ್ರತಿ ಅಥವಾ ಅಧಿಕೃತ ಇ-ಮೇಲ್ ಮೂಲಕವೇ ತೆಗೆದುಕೊಳ್ಳಿ, ಕನಿಷ್ಠ, ಗರಿಷ್ಠ, ಮಾದರಿ ದರ ಮೂರನ್ನೂ ಹಾಗೇ ಓದಿ, ‘ಇನ್ನೂ ಏರುತ್ತದೆ’, ‘ಈಗ ಮಾರಬೇಡಿ’ ಎನ್ನಬೇಡಿ. ಜೊತೆಗೆ ಸಚಿವಾಲಯಕ್ಕೆ ಬರೆದು ಸ್ಪಷ್ಟನೆ ಕೇಳಿ. ಉತ್ತರ ಬರುವವರೆಗೆ ಈ ಎರಡು ನಿಮಿಷವನ್ನು 288ರಲ್ಲಿ ಎಣಿಸದಿರಿ.

ಯಾವ ಅಳುಕೂ ಇಲ್ಲದ ಅಂಶಗಳೂ ಬೇಕಾದಷ್ಟಿವೆ. ದುಗ್ಗಮ್ಮನ ಜಾತ್ರೆ ಬಂದರೆ ವಾರಗಟ್ಟಲೆ ತುಂಬುತ್ತದೆ: ಬದಲಿ ದಾರಿ, ವಾಹನ ನಿಲ್ಲಿಸುವ ಜಾಗ, ಬಯಲು ಕುಸ್ತಿಯ ನೇರ ವಿವರಣೆ. ಕುಸ್ತಿ ವಿವರಣೆಗೆ ಪಟ್ಟುಗಳ ಹೆಸರು ಬಲ್ಲ ಹಳೆಯ ಪೈಲ್ವಾನರೊಬ್ಬರು ಪಕ್ಕದಲ್ಲಿರಬೇಕು, ಇಲ್ಲದಿದ್ದರೆ ಆರ್‌ಜೆ ‘ಎತ್ತಿದ, ಬೀಳಿಸಿದ’ ಎಂದಷ್ಟೇ ಹೇಳಿ ಅರ್ಧ ಗಂಟೆ ತಳ್ಳುತ್ತಾರೆ. ವೃತ್ತಿ ನಾಟಕ ಕಂಪನಿಗಳು ಕ್ಯಾಂಪ್ ಹಾಕುವ ಊರಿದು. ಯಾವ ನಾಟಕ, ಎಷ್ಟನೇ ಪ್ರಯೋಗ, ಹಾರ್ಮೋನಿಯಂ ಮೇಷ್ಟ್ರ ಜೊತೆ ಹತ್ತು ನಿಮಿಷದ ಮಾತು, ಎಲ್ಲವೂ ಸಾಂಸ್ಕೃತಿಕ. ವಿದ್ಯಾನಗರದ ತುಂಬ ಕಾಲೇಜುಗಳಿರುವುದರಿಂದ ಮೇ ತಿಂಗಳಿಂದ ಆಗಸ್ಟ್‌ವರೆಗೆ ಸಿಇಟಿ, ನೀಟ್, ಸೀಟು ಹಂಚಿಕೆಯ ಸುತ್ತುಗಳು, ಯಾವ ದಾಖಲೆ ಮೂಲಪ್ರತಿಯಲ್ಲೇ ಬೇಕು ಎಂಬ ಪ್ರಶ್ನೆಗಳು ತಾವಾಗಿ ಬರುತ್ತವೆ.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2023ರ ಸೆಪ್ಟೆಂಬರ್‌ನಲ್ಲಿ, ಖಾಸಗಿ ಎಫ್‌ಎಂಗೆ ಗಂಟೆಗೆ ಹತ್ತು ನಿಮಿಷ ಮೀರದಂತೆ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಬಿಡಬೇಕೆಂದು ಶಿಫಾರಸು ಮಾಡಿತು. ಶಿಫಾರಸು ನಿಯಮವಲ್ಲ. ಅದನ್ನು ನಂಬಿ ವರದಿಗಾರರನ್ನು ನೇಮಿಸಿಕೊಂಡು ಕೂರುವುದು ಅವಸರ.

ಹಣದ ಮೂರು ಮಾತು

ಅನುಮತಿ 15 ವರ್ಷಕ್ಕೆ. ಹರಾಜಿನ ಮೊತ್ತ ಒಂದೇ ಸಲ, ಹಿಂದಕ್ಕೆ ಬಾರದು. ವಾರ್ಷಿಕ ಶುಲ್ಕ ಮೊದಲು ಒಟ್ಟು ಆದಾಯದ ಶೇ 4 ಅಥವಾ ಹರಾಜು ಮೊತ್ತದ ಶೇ 2.5, ಯಾವುದು ಹೆಚ್ಚೋ ಅದಾಗಿತ್ತು. ಮೊದಲ ವರ್ಷಗಳಲ್ಲಿ ವ್ಯಾಪಾರವೇ ಇಲ್ಲದಿದ್ದರೂ ಹರಾಜಿನ ಲೆಕ್ಕದ ಶುಲ್ಕ ಕಟ್ಟಲೇಬೇಕಿತ್ತು. 2024ರ ನಿರ್ಧಾರದಲ್ಲಿ ಈ ಹೊಸ ಊರುಗಳಿಗೆ ಅದು ಜಿಎಸ್‌ಟಿ ಬಿಟ್ಟು ಉಳಿದ ಒಟ್ಟು ಆದಾಯದ ಶೇ 4 ಎಂದಾಯಿತು. ವರ್ಷಕ್ಕೆ ಒಂದೂವರೆ ಕೋಟಿ ಜಾಹೀರಾತು ಬಂದರೆ ಶುಲ್ಕ 6 ಲಕ್ಷ. ಶೇ 18 ಜಿಎಸ್‌ಟಿ ಸೇರಿಸಿ ಎಣಿಸಿದ್ದರೆ 7.08 ಲಕ್ಷ ಆಗುತ್ತಿತ್ತು. ಉಳಿದ 1.08 ಲಕ್ಷ ದೊಡ್ಡ ನೆಟ್‌ವರ್ಕ್‌ಗೆ ಗಣನೆಗಿಲ್ಲ. ನಮ್ಮ ವಾಹಿನಿಗೆ ಅದು ಲೆಕ್ಕಕ್ಕೆ ಬರುವ ದುಡ್ಡು.

ಚಿಕ್ಕ ಊರಿನವರು ಎಡವುವುದು ಬದಲಿ ವ್ಯವಹಾರದಲ್ಲಿ. ಸೀರೆ ಅಂಗಡಿಯವರು ದುಡ್ಡಿನ ಬದಲು ದೀಪಾವಳಿ ಬಹುಮಾನಕ್ಕೆ ಸೀರೆ ಕೊಡುತ್ತಾರೆ, ಹೋಟೆಲಿನವರು ಕೂಪನ್ ಕೊಡುತ್ತಾರೆ. ‘ಹಣ ಕೈಗೆ ಬಂದಿಲ್ಲ, ಆದಾಯ ಹೇಗೆ’ ಎಂದು ಪುಸ್ತಕದಲ್ಲಿ ಬರೆಯದೆ ಬಿಟ್ಟರೆ ತಪ್ಪು. ಅಂಥ ಜಾಹೀರಾತನ್ನೂ ಮಾಮೂಲಿ ದರದಲ್ಲಿ ಬೆಲೆ ಕಟ್ಟಿ ಒಟ್ಟು ಆದಾಯಕ್ಕೆ ಸೇರಿಸಬೇಕು. ಏಜೆನ್ಸಿ ಕಮಿಷನ್ನನ್ನೂ ಕಳೆಯುವಂತಿಲ್ಲ.

ಜಾಹೀರಾತಿನ ಒಳಗನ್ನೂ ನೋಡಬೇಕು. ಖಾಸಗಿ ಎಫ್‌ಎಂ ಪಾಲಿಸಬೇಕಾದದ್ದು ಆಕಾಶವಾಣಿಯ ಕಾರ್ಯಕ್ರಮ ಮತ್ತು ಜಾಹೀರಾತು ಸಂಹಿತೆ. ತಂಬಾಕು, ಮದ್ಯ ಇಲ್ಲ. ‘ಮೂಲವ್ಯಾಧಿ ಒಂದೇ ವಾರದಲ್ಲಿ ಮಾಯ’, ‘ಸಕ್ಕರೆ ಕಾಯಿಲೆಗೆ ಶಾಶ್ವತ ಪರಿಹಾರ’ ಎಂಬ ಜಾಹೀರಾತುಗಳು ಚಿಕ್ಕ ಊರಿನ ರೇಡಿಯೊ ಬಾಗಿಲಿಗೆ ಮೊದಲು ಬರುವ ಗಿರಾಕಿಗಳು, ಮುಂಗಡವನ್ನೂ ಕೊಡುತ್ತಾರೆ. ಸಕ್ಕರೆ ಕಾಯಿಲೆಯಂಥ ಪಟ್ಟಿಯಲ್ಲಿರುವ ರೋಗಗಳನ್ನು ಗುಣಪಡಿಸುವ ಜಾಹೀರಾತಿಗೆ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ಅಡ್ಡ ನಿಲ್ಲುತ್ತದೆ. ಕೋಚಿಂಗ್ ಕೇಂದ್ರಗಳ ‘ನೂರಕ್ಕೆ ನೂರು ಸೀಟು ಖಾತ್ರಿ’ಗೆ 2024ರ ನವೆಂಬರ್‌ನಲ್ಲಿ ಬಂದ ಗ್ರಾಹಕ ಸಂರಕ್ಷಣಾ ಮಾರ್ಗಸೂಚಿ ಇದೆ. ಚುನಾವಣೆ ಘೋಷಣೆಯಾದರೆ ರಾಜಕೀಯ ಜಾಹೀರಾತಿಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಮುಂಚಿನ ಒಪ್ಪಿಗೆ ಬೇಕು. ಪ್ರಮಾಣಪತ್ರದ ಸಂಖ್ಯೆ ಟ್ರಾಫಿಕ್ ಮೇಜಿಗೆ ಬರುವ ತನಕ ಧ್ವನಿಮುದ್ರಿಕೆ ಕಂಪ್ಯೂಟರ್‌ಗೆ ಏರಬಾರದು. ‘ಬೆಳಿಗ್ಗೆ ತಂದು ಕೊಡ್ತೀವಿ, ಈಗ ಹಾಕ್ಬಿಡಿ ಅಣ್ಣ’ ಎಂಬ ಮಾತಿಗೆ ಒಪ್ಪಿದರೆ ಹೊಣೆ ಕೇಂದ್ರದ ತಲೆಗೆ.

ತೋರಿಸಲು ಬಾರದ್ದು ಆಗಿಲ್ಲದ್ದಕ್ಕೆ ಸಮ

288 ನಿಮಿಷ ಪ್ರಸಾರವಾದರೂ ದಾಖಲೆ ಇಲ್ಲದಿದ್ದರೆ ಆಗಿಲ್ಲವೆಂದೇ ಲೆಕ್ಕ. ಪ್ರಸಾರವಾದದ್ದನ್ನು ಮೂರು ತಿಂಗಳು ಇಡಬೇಕೆಂಬುದು ಸಮುದಾಯ ಬಾನುಲಿಗೆ (ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ನಡೆಸುವ ಚಿಕ್ಕ ರೇಡಿಯೊ) ಬರೆದಿಟ್ಟ ನಿಯಮ. ವಾಣಿಜ್ಯ ಕೇಂದ್ರವೂ ಅದಕ್ಕಿಂತ ಕಡಿಮೆ ಇಟ್ಟುಕೊಳ್ಳಬಾರದು. ಜಾಗ ಹೆಚ್ಚೇನೂ ಬೇಡ. ಸೆಕೆಂಡಿಗೆ 64 ಕಿಲೋಬಿಟ್‌ನಂತೆ ದಿನಕ್ಕೆ 691 ಮೆಗಾಬೈಟ್, 90 ದಿನಕ್ಕೆ 62 ಗಿಗಾಬೈಟ್. ಒಂದು ಪೆನ್‌ಡ್ರೈವ್‌ಗೆ ಹಿಡಿಯುವಷ್ಟು. ಆದರೂ ದಾಖಲೆ ಕೈಕೊಡುತ್ತದೆ, ಅದಕ್ಕೆ ಕಾರಣಗಳು ಬೇರೆ.

ಒಂದು, ಧ್ವನಿಯನ್ನು ಸ್ಟುಡಿಯೊ ಮಿಕ್ಸರ್‌ನಿಂದ ಹಿಡಿಯುತ್ತಾರೆ. ಟ್ರಾನ್ಸ್‌ಮಿಟರ್ ಅರ್ಧ ಗಂಟೆ ಸತ್ತಿದ್ದರೂ ಮಿಕ್ಸರ್‌ನಲ್ಲಿ ಎಲ್ಲ ಸರಿಯಾಗಿ ಮುದ್ರಣವಾಗಿರುತ್ತದೆ, ದಾಖಲೆ ಸುಳ್ಳು ಹೇಳುತ್ತದೆ. ಗೋಪುರದಿಂದ ದೂರ ಒಂದು ಸಾಮಾನ್ಯ ರೇಡಿಯೊ ಇಟ್ಟು ಗಾಳಿಯಿಂದಲೇ ಹಿಡಿಯಬೇಕು. ಇನ್ನೊಂದು, ಮುದ್ರಿಸುವ ಕಂಪ್ಯೂಟರ್‌ನ ಗಡಿಯಾರ. ಅದು ಏಳು ನಿಮಿಷ ಹಿಂದಿದ್ದರೆ ಲಾಗ್‌ಗೂ ಧ್ವನಿಗೂ ತಾಳೆಯಾಗದು, ಜಾಹೀರಾತುದಾರರೂ ಬಿಲ್ ತಡೆಹಿಡಿಯುತ್ತಾರೆ. ಮತ್ತೆ, ಹಾಡಿನ ಲಾಗ್‌ಗೂ ಮಾತಿನ ಲಾಗ್‌ಗೂ ಬೇರೆ ಬೇರೆ ಪಟ್ಟಿ ಇಡದಿರುವುದು. ನಾವಾದರೆ ಲಾಗ್‌ನಲ್ಲಿ ಪ್ರತಿ ಲಿಂಕ್‌ಗೆ ಆರು ಕಾಲಂ ಇಡುತ್ತೇವೆ: ಶುರುವಾದ ಹೊತ್ತು, ಮುಗಿದ ಹೊತ್ತು, ಭಾಷೆ, ಮಾಹಿತಿ ಎಲ್ಲಿಂದ ಬಂತು, ‘ಸುದ್ದಿಯಲ್ಲ’ ಪಟ್ಟಿಯ ಯಾವ ವರ್ಗ, ತಯಾರಾದ ಜಾಗ. ಕೊನೆಯ ಕಾಲಂ ಅನ್ನು ಯಾವ ನಿಯಮವೂ ಕೇಳಿಲ್ಲ. ಮುಂದೆ ‘ಸ್ಥಳೀಯ’ಕ್ಕೆ ಬಿಗಿಯಾದ ಅರ್ಥ ಬಂದರೆ ಹಳೆಯ ಲೆಕ್ಕ ತೋರಿಸಲು ಇದೊಂದೇ ಆಧಾರ.

ದೂರು ಬಂದರೆ ಮೊದಲು ನೋಡುವುದು ನಾಲ್ಕನೆಯ ಕಾಲಂ. ಪಾಲಿಕೆಯ ನೀರು ಸರಬರಾಜು ಪ್ರಕಟಣೆ ಎಂದು ಬರೆದಿದ್ದರೆ ಆ ಪ್ರಕಟಣೆಯ ಪ್ರತಿ ಫೈಲಿನಲ್ಲಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದಾದರೆ ಕಳಿಸಿದ ಅಧಿಕಾರಿಯ ಹುದ್ದೆ, ದಿನಾಂಕ, ಹೊತ್ತು ಕಾಣುವಂತೆ ಮುದ್ರಿಸಿ ಇಡಬೇಕು. ‘ಗ್ರೂಪಿನಲ್ಲಿ ಬಂದಿತ್ತು’ ಎಂಬುದು ಆಧಾರವಲ್ಲ.

ಬೇರೆ ಕಡೆ ಕೋಲು ಹೇಗಿದೆ

ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಬಹುಕಾಲ ಜಾಗವನ್ನೇ ಅಳೆಯಿತು. 2018ರ ಬದಲಾವಣೆಯ ನಂತರ ಸ್ಥಳೀಯ ಎಫ್‌ಎಂ ಕೇಂದ್ರಗಳು ವಾರದ ದಿನಗಳಲ್ಲಿ ಹಗಲು ಹೊತ್ತು ಮೂರು ಗಂಟೆ ತಮ್ಮ ಪ್ರದೇಶದಲ್ಲೇ ತಯಾರಿಸಿದ ಕಾರ್ಯಕ್ರಮ ಕೊಡಬೇಕಿತ್ತು. ಈ ಮೂರು ಗಂಟೆಯ ಲೆಕ್ಕ ಹಗಲಲ್ಲಿ ಗಂಟೆಗೊಮ್ಮೆ ಸ್ಥಳೀಯ ಸುದ್ದಿ ಕೊಡುವವರಿಗೆ ಮಾತ್ರ. 2024ರ ಮೀಡಿಯಾ ಕಾಯ್ದೆ ಅಲ್ಲಿ ಎಲ್ಲಿ ತಯಾರಿಸಿದಿರಿ ಎಂಬ ಷರತ್ತನ್ನು ಬಿಟ್ಟು, ಸ್ಥಳೀಯ ಸುದ್ದಿ ಮತ್ತು ಮಾಹಿತಿಯ ಮೇಲೆ ಭಾರ ಹಾಕಿತು. ನಮ್ಮಲ್ಲಿ ಮಾಡಲೇಬಾರದೆಂದು ತಡೆದಿರುವುದನ್ನೇ ಅವರು ಮಾಡಲೇಬೇಕೆನ್ನುತ್ತಾರೆ. ಅವರ ನಿಯಮವನ್ನು ಎತ್ತಿ ತಂದು ಇಲ್ಲಿ ನೆಡಲು ಬರುವುದಿಲ್ಲ. ಆದರೆ ‘ಹಗಲು ಹೊತ್ತು’ ಎಂಬ ಎರಡು ಪದವನ್ನಂತೂ ಎರವಲು ತರಬಹುದಿತ್ತು. ನಮ್ಮ ಶೇ 20ನ್ನು ರಾತ್ರಿ 12ರಿಂದ ಬೆಳಗಿನ 4 ಗಂಟೆ 48 ನಿಮಿಷದವರೆಗೆ ಮುಗಿಸಿಬಿಟ್ಟರೂ ನಿಯಮದ ಸಾಲು ಸುಮ್ಮನಿರುತ್ತದೆ.

ಚಿತ್ರದುರ್ಗದ ಲೆಕ್ಕ ಬೇರೆ

ಅರವತ್ತು ಕಿಲೋಮೀಟರ್ ಆಚೆ ಇದೇ ಕಾಗದ ಹಿಡಿದು ಹೋದರೆ ಮೊದಲ ಸಾಲಿನಲ್ಲೇ ತಿದ್ದಬೇಕಾಗುತ್ತದೆ. ಊರು ಚಿಕ್ಕದು, ಬಲ 3 ಕಿಲೋವ್ಯಾಟ್ ಮೀರದು, ಜೋಗಿಮಟ್ಟಿ ಸಾಲು ಒಂದು ಕಡೆ ನೆರಳು ಬೀಳಿಸುತ್ತದೆ. ಬಂಡೆಗಳಿಂದ ಮರಳಿ ಬರುವ ಅಲೆ ನೇರ ಅಲೆಯೊಡನೆ ಸೇರಿ ಕೋಟೆಯ ತಪ್ಪಲಿನ ಬೀದಿಗಳಲ್ಲಿ ದನಿ ಸೀಳಿದಂತೆ ಕೇಳಿಸಬಹುದು. ಬಲ ಹೆಚ್ಚಿಸಿದರೆ ಇದು ಸರಿಹೋಗದು, ಆಂಟೆನಾದ ಜಾಗ ಮತ್ತು ಎತ್ತರ ಬದಲಿಸಬೇಕು. ಆಕಾಶವಾಣಿ ಚಿತ್ರದುರ್ಗ 102.6 ಮೆಗಾಹರ್ಟ್ಸ್‌ನಲ್ಲಿ ಆಗಲೇ ಇದೆ. ಸುದ್ದಿಯ ತಡೆಯಿಲ್ಲದ, ಕೃಷಿ ಮಾತು ಆಡಬಲ್ಲ ಕೇಂದ್ರ ಅದು. ಅದರ ಎದುರು ಹಾಡು ಮತ್ತು ಹರಟೆಯಷ್ಟೇ ಇಟ್ಟುಕೊಂಡು ಮೂರು ವಾಹಿನಿಗಳು ಪೇಟೆಯ ಜಾಹೀರಾತನ್ನು ಹಂಚಿಕೊಳ್ಳಬೇಕು.

ಇಲ್ಲಿ ಸಮುದಾಯ ಬಾನುಲಿಯನ್ನೂ ಪಕ್ಕಕ್ಕಿಟ್ಟು ತೂಗಬೇಕು. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ ಮಾತ್ರ, ಪರಿಣಾಮಕಾರಿ ಬಲ 100 ವ್ಯಾಟ್, ಆಂಟೆನಾ 30 ಮೀಟರ್. ಆದರೆ ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧ ಸ್ಥಳೀಯ ಜನರ ಪಾಲ್ಗೊಳ್ಳುವಿಕೆಯಿಂದ ತಯಾರಾಗಿರಬೇಕು, ಹರಾಜು ಇಲ್ಲ. 2024ರ ಪರಿಷ್ಕರಣೆಯಲ್ಲಿ ಜಾಹೀರಾತಿನ ಮಿತಿ ಗಂಟೆಗೆ 12 ನಿಮಿಷಕ್ಕೆ, ಸರ್ಕಾರಿ ಜಾಹೀರಾತಿನ ದರ ಹತ್ತು ಸೆಕೆಂಡಿಗೆ 74 ರೂಪಾಯಿಗೆ ಏರಿತು. ಒಂದು ಗಂಟೆ ಪೂರ್ತಿ ತುಂಬಿದರೆ 72 ತುಣುಕು, 5,328 ರೂಪಾಯಿ. ಪೂರ್ತಿ ತುಂಬುವುದಿಲ್ಲ, ಅದು ಬೇರೆ ಮಾತು. ಸಾಣೇಹಳ್ಳಿಯ ನಾಟಕೋತ್ಸವ, ನಾಯಕನಹಟ್ಟಿ ತೇರು, ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ವೇದಾವತಿ ದಂಡೆಯ ಹಳ್ಳಿಗಳಿಗೆ ಎಚ್ಚರಿಕೆ: ಇವು ಊರಿನ ಗೋಪುರದಿಂದ ದೂರದ ತಾಲ್ಲೂಕುಗಳ ವಿಷಯ. 3 ಕಿಲೋವ್ಯಾಟ್‌ನ ಒಂದು ವಾಣಿಜ್ಯ ಗೋಪುರಕ್ಕಿಂತ ಹೊಸದುರ್ಗ, ಚಳ್ಳಕೆರೆ, ಹಿರಿಯೂರುಗಳಲ್ಲಿ ಒಂದೊಂದು ಚಿಕ್ಕ ಕೇಂದ್ರ ಅಲ್ಲಿಗೆ ಹೆಚ್ಚು ಹೊಂದುತ್ತದೆ ಎಂದು ನಮ್ಮ ಅನಿಸಿಕೆ.

ದಾವಣಗೆರೆಗೆ ಬಿಡ್ ಮಾಡುವವರು ಹಣ ಕಟ್ಟುವ ಮೊದಲು ಸಚಿವಾಲಯದಿಂದ ಬರಹದಲ್ಲಿ ಉತ್ತರ ಪಡೆಯಬೇಕಾದ ಪ್ರಶ್ನೆಗಳು ನಾಲ್ಕು. ಸ್ಥಳೀಯ ಭಾಷೆಯ ಚಿತ್ರಗೀತೆ ಶೇ 20ರಲ್ಲಿ ಸೇರುತ್ತದೆಯೇ? ಜಾಹೀರಾತಿನ ನಿಮಿಷಗಳನ್ನು ಒಟ್ಟು ಪ್ರಸಾರದಲ್ಲಿ ಎಣಿಸಬೇಕೇ, ಕಳೆಯಬೇಕೇ? ಎಪಿಎಂಸಿ ಧಾರಣೆ ಮತ್ತು ನಾಲೆ ನೀರಿನ ವೇಳಾಪಟ್ಟಿ ಸುದ್ದಿಯಲ್ಲದ ವರ್ಗಕ್ಕೆ ಬರುತ್ತವೆಯೇ? ಉರ್ದು ಮತ್ತು ಲಂಬಾಣಿ ಮಾತಾಡುವವರಿರುವ ಈ ಊರಿನಲ್ಲಿ ಆ ಭಾಷೆಗಳ ಕಾರ್ಯಕ್ರಮವನ್ನು ಸ್ಥಳೀಯ ಭಾಷೆಯ ಲೆಕ್ಕಕ್ಕೆ ಹಿಡಿಯುತ್ತಾರೆಯೇ, ಕನ್ನಡವೊಂದನ್ನೇ ಎಣಿಸುತ್ತಾರೆಯೇ?